ದೊಡ್ಡ ಬ್ಯಾಂಕಿನಲ್ಲಿ ಇಂಟರ್ನ್‌ಶಿಪ್: ಬಾಗಿಲು ದಾಟುವ ಮೊದಲು ತಿಳಿದಿರಬೇಕಾದದ್ದು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಮಾರತ್ತಹಳ್ಳಿಯಿಂದ ಬೆಳ್ಳಂದೂರಿನ ಕಡೆಗೆ ಎರಡೂ ಬದಿಯಲ್ಲಿ ಸಾಲುಗಟ್ಟಿ ನಿಂತ ಗಾಜಿನ ಕಟ್ಟಡಗಳನ್ನು ಕಂಡವರೆಲ್ಲ ‘ಐಟಿ ಕಂಪನಿಗಳು’ ಎಂದುಕೊಳ್ಳುತ್ತಾರೆ. ಆದರೆ ಅವುಗಳಲ್ಲಿ ಹಲವು ಕಟ್ಟಡಗಳೊಳಗೆ ಇರುವುದು ಬ್ಯಾಂಕುಗಳು, ಹೂಡಿಕೆ ಸಂಸ್ಥೆಗಳು. 1869ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿಗೆ ಬಂತು. ಇವತ್ತು ಆ ಸಂಸ್ಥೆಯ ಅತಿ ದೊಡ್ಡ ಕಚೇರಿಗಳಲ್ಲಿ ನಮ್ಮೂರಿನದೂ ಒಂದು. ಜೆ.ಪಿ. ಮಾರ್ಗನ್, ಮಾರ್ಗನ್ ಸ್ಟಾನ್ಲಿ, ವೆಲ್ಸ್ ಫಾರ್ಗೊ, ಫಿಡೆಲಿಟಿ ಹೀಗೆ ಇನ್ನೂ ಅನೇಕರು ಇಲ್ಲಿದ್ದಾರೆ. ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ನಡೆದ ವ್ಯವಹಾರದ ಲೆಕ್ಕ ಮುಗಿಯುವುದು, ಅದರ ಅಪಾಯ ಅಳೆಯುವುದು, ಅದಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುವುದು ಈ ಕಟ್ಟಡಗಳಲ್ಲಿ.

ಬ್ಯಾಂಕಿನ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ನಾಡು ಇದು. ಹಾಗಿದ್ದೂ ಹಾವೇರಿ, ಚಿತ್ರದುರ್ಗ, ಕೊಪ್ಪಳದ ಕಾಲೇಜುಗಳಿಂದ ಈ ಗಾಜಿನ ಕಟ್ಟಡಗಳಿಗೆ ಇಂಟರ್ನ್ ಆಗಿ ಬರುವ ಹುಡುಗ ಹುಡುಗಿಯರು ತೀರಾ ಕಡಿಮೆ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಸಂಗತಿ. ಆ ಮಕ್ಕಳಿಗೆ ಬುದ್ಧಿ ಕಡಿಮೆ ಎಂದೇನೂ ಅಲ್ಲ. ಅರ್ಜಿ ಯಾವಾಗ ಹಾಕಬೇಕು, ಏನು ಕೇಳುತ್ತಾರೆ, ಒಳಗೆ ಹೋದ ಮೇಲೆ ಮಾಡುವುದೇನು ಎಂದು ಹೇಳುವವರು ಅವರ ಸುತ್ತ ಇಲ್ಲ. ಎಂಬಿಎ ಓದುವಾಗ ಇಂಥದೊಂದು ಸಂಸ್ಥೆಯ ಆಪರೇಷನ್ಸ್ ವಿಭಾಗದಲ್ಲಿ ಬೇಸಿಗೆ ಇಂಟರ್ನ್ ಆಗಿದ್ದೆ. ಈಗ ಪ್ರತಿ ವರ್ಷ ಹೊಸ ಇಂಟರ್ನ್‌ಗಳ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಅಲ್ಲಿ ನಡೆಯುವ ನಿಜವಾದ ಪರೀಕ್ಷೆ ಒಂದೇ: ನೀವು ಕೊಟ್ಟ ಅಂಕಿಯನ್ನು ಇನ್ನೊಬ್ಬರು ನಂಬಬಹುದೇ? ಮುಂದೆ ಬರೆದಿರುವುದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ಅರ್ಜಿಯ ಹಂಗಾಮು

ಬೇಸಿಗೆ ಇಂಟರ್ನ್‌ಶಿಪ್ ನಡೆಯುವುದು ಏಪ್ರಿಲ್‌ನಿಂದ ಜುಲೈ ನಡುವೆ, ಸಾಮಾನ್ಯವಾಗಿ ಎಂಟರಿಂದ ಹತ್ತು ವಾರ. ಆದರೆ ಆಯ್ಕೆ ನಡೆಯುವುದು ಅದರ ಹಿಂದಿನ ವರ್ಷದ ಮಳೆಗಾಲದಲ್ಲಿ. ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹುಡುಕಲು ಹೊರಟರೆ ಸೀಟುಗಳೆಲ್ಲ ತುಂಬಿ ತಿಂಗಳುಗಳೇ ಆಗಿರುತ್ತವೆ. ಎಂಜಿನಿಯರಿಂಗ್‌ನಲ್ಲಿ ಮೂರನೇ ವರ್ಷಕ್ಕೆ ಕಾಲಿಡುವಾಗಲೇ, ಎಂಬಿಎಯಲ್ಲಿ ಮೊದಲ ಸೆಮಿಸ್ಟರ್‌ನಲ್ಲೇ ಕಣ್ಣಿಟ್ಟಿರಬೇಕು. ಕೊನೆಯ ವರ್ಷದವರಿಗೆ ಜನವರಿಯಿಂದ ಜೂನ್‌ವರೆಗಿನ ಆರು ತಿಂಗಳ ಇಂಟರ್ನ್‌ಶಿಪ್‌ಗಳೂ ಇರುತ್ತವೆ. ವಿಟಿಯು ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವೇ ಆಗಿರುವುದರಿಂದ ಕಾಲೇಜಿನಿಂದ ಒಪ್ಪಿಗೆ ಪತ್ರ ಪಡೆಯುವುದು ಕಷ್ಟವಾಗದು.

ನಿಮ್ಮ ಕಾಲೇಜಿಗೆ ಈ ಸಂಸ್ಥೆಗಳು ಕ್ಯಾಂಪಸ್ ಆಯ್ಕೆಗೆ ಬರುವುದಿಲ್ಲ ಎಂದರೆ ದಾರಿ ಮುಚ್ಚಿತು ಎಂದು ತಿಳಿಯಬೇಡಿ. ಎಲ್ಲ ದೊಡ್ಡ ಸಂಸ್ಥೆಗಳ ವೆಬ್‌ಸೈಟ್‌ನಲ್ಲೂ ವಿದ್ಯಾರ್ಥಿಗಳಿಗೆಂದೇ ಒಂದು ಪುಟ ಇರುತ್ತದೆ, ಅಲ್ಲಿ ನೇರವಾಗಿ ಅರ್ಜಿ ಹಾಕಬಹುದು. ಮಹಿಳೆಯರಿಗಾಗಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಬೇರೆ ಬೇರೆ ಕಾರ್ಯಕ್ರಮಗಳೂ ಇವೆ. ಜುಲೈ ತಿಂಗಳಿಂದ ವಾರಕ್ಕೊಮ್ಮೆ ಆ ಪುಟಗಳನ್ನು ನೋಡುವ ರೂಢಿ ಇಟ್ಟುಕೊಳ್ಳಿ.

ಇವಲ್ಲದೆ ಬೇರೆ ಬಾಗಿಲುಗಳೂ ಇವೆ. ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ಸ್ನಾತಕೋತ್ತರ, ಐದು ವರ್ಷದ ಸಂಯುಕ್ತ ಕೋರ್ಸ್ ಹಾಗೂ ಕಾನೂನು ವಿದ್ಯಾರ್ಥಿಗಳನ್ನು ಬೇಸಿಗೆ ಇಂಟರ್ನ್‌ಗಳಾಗಿ ತೆಗೆದುಕೊಳ್ಳುತ್ತದೆ. ಅದರ ಅರ್ಜಿಯೂ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ. ಓದು ಮುಗಿಸಿ ಮನೆಯಲ್ಲಿರುವವರಿಗೆ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ 21ರಿಂದ 24 ವರ್ಷದವರಿಗೆ, ದೊಡ್ಡ ಕಂಪನಿಗಳಲ್ಲಿ ಹನ್ನೆರಡು ತಿಂಗಳ ತರಬೇತಿ, ತಿಂಗಳಿಗೆ ₹5,000 ನೆರವು ಮತ್ತು ಒಂದು ಬಾರಿಗೆ ₹6,000 ಎಂದು ನಿಯಮ ಮಾಡಿದ್ದರು. ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಅದರಲ್ಲಿ ಸೇರಿವೆ. ಷರತ್ತುಗಳು ಸುತ್ತಿನಿಂದ ಸುತ್ತಿಗೆ ಬದಲಾಗುವುದರಿಂದ ಅರ್ಜಿ ಹಾಕುವ ಹೊತ್ತಿಗೆ ಅಧಿಕೃತ ಪೋರ್ಟಲ್‌ನಲ್ಲೇ ಓದಿಕೊಳ್ಳಿ. ಸಿಎ ಓದುತ್ತಿರುವವರಿಗೆ ಆರ್ಟಿಕಲ್‌ಶಿಪ್ ಇದ್ದೇ ಇದೆ. 2023ರ ಹೊಸ ವ್ಯವಸ್ಥೆಯಲ್ಲಿ ಅದು ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ಇಲ್ಲಿ ಒಂದು ಎಚ್ಚರಿಕೆ. ದೊಡ್ಡ ಬ್ಯಾಂಕಿನ ಹೆಸರು ಹೇಳಿ ‘ನೋಂದಣಿ ಶುಲ್ಕ’, ‘ಲ್ಯಾಪ್‌ಟಾಪ್ ಠೇವಣಿ’ ಎಂದು ದುಡ್ಡು ಕೇಳುವವರು ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ. ನಿಜವಾದ ಸಂಸ್ಥೆ ಇಂಟರ್ನ್‌ನಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಆಫರ್ ಪತ್ರ ಜಿಮೇಲ್ ವಿಳಾಸದಿಂದ ಬಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಂದೇ ಪುಟದ ಪರಿಚಯ

ನಮ್ಮ ಕಡೆ ಇನ್ನೂ ‘ಬಯೋಡೇಟಾ’ ಅಭ್ಯಾಸ ಇದೆ. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಕೊನೆಗೆ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಪ್ರಮಾಣ. ಇದ್ಯಾವುದೂ ಬೇಕಿಲ್ಲ. ಒಂದೇ ಪುಟ ಸಾಕು. ಅದರಲ್ಲಿ ನೀವು ನಿಜವಾಗಿ ಮಾಡಿದ ಕೆಲಸ ಮತ್ತು ಅದರ ಅಂಕಿ ಇರಲಿ. ಶಿವಮೊಗ್ಗದ ಹುಡುಗಿಯೊಬ್ಬಳು ತನ್ನ ಪರಿಚಯ ಪತ್ರ ತೋರಿಸಲು ಬಂದಿದ್ದಳು. ಮೂರು ಆನ್‌ಲೈನ್ ಕೋರ್ಸುಗಳ ಹೆಸರಿತ್ತು, ಬೇರೇನೂ ಇರಲಿಲ್ಲ. ಮಾತಾಡುತ್ತ ಹೋದಾಗ, ಅಪ್ಪನ ಅಡಿಕೆ ಮಂಡಿಯಲ್ಲಿ ರೈತರ ಖಾತೆಗಳನ್ನು ಕೈಬರಹದ ಪುಸ್ತಕದಿಂದ ಎಕ್ಸೆಲ್‌ಗೆ ತಂದವಳು ಅವಳೇ ಎಂದು ಗೊತ್ತಾಯಿತು. ಮುಂಗಡ, ಬಡ್ಡಿ, ತೂಕ, ಧಾರಣೆ ಎಲ್ಲವನ್ನೂ ಲೆಕ್ಕ ಹಾಕುವ ಶೀಟು ಅವಳೇ ಕಟ್ಟಿದ್ದಳು. ‘ಅದು ಮನೆ ಕೆಲಸ ಅಲ್ವಾ ಅಕ್ಕಾ, ಅದನ್ನೆಲ್ಲ ಬರೀತಾರಾ?’ ಎಂದಳು. ಬರೆಯಲೇಬೇಕು! ಕಿರಾಣಿ ಅಂಗಡಿಯ ಜಿಎಸ್‌ಟಿ ಬಿಲ್ಲು ಜೋಡಿಸಿದ್ದರೆ, ಹಾಲು ಸೊಸೈಟಿಯ ಲೆಕ್ಕ ಬರೆದಿದ್ದರೆ, ಕಾಲೇಜು ಹಬ್ಬದ ಖಜಾಂಚಿಯಾಗಿದ್ದರೆ ಅದು ಕೋರ್ಸಿನ ಸರ್ಟಿಫಿಕೇಟಿಗಿಂತ ತೂಕದ್ದು. ಬೇರೆಯವರ ದುಡ್ಡಿನ ಲೆಕ್ಕಕ್ಕೆ ನೀವು ಹೊಣೆ ಹೊತ್ತಿದ್ದೀರಿ ಎಂದು ಅದು ಹೇಳುತ್ತದೆ.

ಕೋರ್ಸೇ ಬೇಕು ಎಂದರೆ, ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳನ್ನು ನೋಡಿ. ಅದರಲ್ಲಿ ಏಳನೇ ಸರಣಿ ಷೇರು ವ್ಯವಹಾರದ ಕಾರ್ಯಾಚರಣೆ ಮತ್ತು ಅಪಾಯ ನಿರ್ವಹಣೆಗೆ ಸಂಬಂಧಿಸಿದ್ದು. ಆಪರೇಷನ್ಸ್ ವಿಭಾಗಕ್ಕೆ ಹೋಗುವವರಿಗೆ ಅದರ ಪಠ್ಯ ಪುಸ್ತಕ ಒಂದನ್ನೇ ಗಮನವಿಟ್ಟು ಓದಿದರೂ ಅರ್ಧ ದಾರಿ ಸಾಗಿದಂತೆ.

ಸಂದರ್ಶನಕ್ಕೆ ಮೊದಲು ಆನ್‌ಲೈನ್ ಪರೀಕ್ಷೆ ಇರುತ್ತದೆ, ಎಷ್ಟೋ ಕಡೆ ಕ್ಯಾಮೆರಾ ಮುಂದೆ ಉತ್ತರ ಹೇಳಿ ರೆಕಾರ್ಡ್ ಮಾಡುವ ಸುತ್ತೂ ಇರುತ್ತದೆ. ಮುಖಾಮುಖಿ ಸಂದರ್ಶನದಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ: ಬಡ್ಡಿ ದರ ಏರಿದರೆ ಬಾಂಡ್ ಬೆಲೆ ಏನಾಗುತ್ತದೆ? ‘ಇಳಿಯುತ್ತದೆ’ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಏಕೆ ಎಂದು ಕೇಳಿದಾಗ ತಡವರಿಸುತ್ತಾರೆ. ಹೀಗೆ ಯೋಚಿಸಿ: ಒಂದು ವರ್ಷದ ಬಾಂಡ್, ಮುಖಬೆಲೆ ₹100, ಬಡ್ಡಿ ಶೇ 7. ವರ್ಷ ಕಳೆದರೆ ₹107 ಕೈಗೆ ಬರುತ್ತದೆ. ನೀವು ಕೊಂಡ ಮರುದಿನವೇ ಮಾರುಕಟ್ಟೆಯ ಬಡ್ಡಿ ಶೇ 8 ಆಯಿತು ಎನ್ನಿ. ₹100ಕ್ಕೆ ₹108 ಕೊಡುವ ಹೊಸ ಬಾಂಡ್ ಸಿಗುವಾಗ ನಿಮ್ಮ ಹಳೆಯದನ್ನು ಅದೇ ಬೆಲೆಗೆ ಯಾರು ಕೊಳ್ಳುತ್ತಾರೆ? 107ನ್ನು 1.08ರಿಂದ ಭಾಗಿಸಿದರೆ ₹99.07. ಅಷ್ಟಕ್ಕೆ ಇಳಿಸಿದರೆ ಕೊಳ್ಳುವವರಿಗೂ ಶೇ 8 ಗಿಟ್ಟುತ್ತದೆ. ಒಂದು ಹಾಳೆಯ ಮೇಲೆ ಹೀಗೆ ಲೆಕ್ಕ ಬಿಡಿಸಿ ತೋರಿಸುವವರನ್ನು ಸಂದರ್ಶಕರು ಮರೆಯುವುದಿಲ್ಲ. ಇಂಗ್ಲಿಷ್ ತಡವರಿಸಿದರೂ ಲೆಕ್ಕ ತಡವರಿಸಬಾರದು.

ಆಯ್ಕೆಯಾದ ಮೇಲೆ ಹಿನ್ನೆಲೆ ಪರಿಶೀಲನೆ ಶುರು. ಇಲ್ಲಿ ನಮ್ಮ ರಾಜ್ಯದ ಮಕ್ಕಳು ಸಿಕ್ಕಿಬೀಳುವುದು ಹೆಸರಿನ ವಿಷಯದಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಬರೀ ಹೆಸರು, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿದ ಪೂರ್ತಿ ಹೆಸರು. ಮೂರೂ ಒಂದೇ ವ್ಯಕ್ತಿಯದು ಎಂದು ತೋರಿಸಲು ವಾರಗಟ್ಟಲೆ ಓಡಾಡಬೇಕಾಗುತ್ತದೆ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಈ ಮೂರರಲ್ಲಿ ಹೆಸರು ಒಂದೇ ಥರ ಇರುವಂತೆ ಈಗಲೇ ಸರಿಪಡಿಸಿಕೊಳ್ಳಿ.

ಒಳಗೆ ಮಾಡುವುದೇನು?

ಸಿನಿಮಾದಲ್ಲಿ ತೋರಿಸುವ ಕೂಗಾಟದ ಟ್ರೇಡಿಂಗ್ ಕೋಣೆಯನ್ನು ಮರೆತುಬಿಡಿ. ಒಂದು ದೊಡ್ಡ ಹಣಕಾಸು ಸಂಸ್ಥೆಯಲ್ಲಿ ಮೂರು ಪದರ ಇರುತ್ತದೆ. ಗ್ರಾಹಕರೊಂದಿಗೆ ಮಾತಾಡಿ ಕೊಳ್ಳುವ ಮಾರುವ ಫ್ರಂಟ್ ಆಫೀಸ್, ಅಪಾಯವನ್ನೂ ಲಾಭನಷ್ಟವನ್ನೂ ಅಳೆಯುವ ಮಿಡ್ಲ್ ಆಫೀಸ್, ಕೊಂಡ ಷೇರು ಗ್ರಾಹಕರ ಖಾತೆಗೂ ದುಡ್ಡು ಮಾರಿದವರ ಖಾತೆಗೂ ಸೇರುವಂತೆ ನೋಡಿಕೊಳ್ಳುವ ಬ್ಯಾಕ್ ಆಫೀಸ್. ಬೆಂಗಳೂರಿನಲ್ಲಿ ಕೊನೆಯ ಎರಡು ಮತ್ತು ತಂತ್ರಜ್ಞಾನ ವಿಭಾಗ ಹೆಚ್ಚು. ‘ಬ್ಯಾಕ್ ಆಫೀಸ್’ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಅಂಥವರಿಗೆ ಬೇರಿಂಗ್ಸ್ ಬ್ಯಾಂಕಿನ ಕಥೆ ಹೇಳಬೇಕು. 1762ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆ ಬ್ಯಾಂಕ್ 1995ರಲ್ಲಿ ಮುಳುಗಿತು. ಅದರ ಸಿಂಗಪುರ ಕಚೇರಿಯಲ್ಲಿ ನಿಕ್ ಲೀಸನ್ ಎಂಬ ಒಬ್ಬನೇ ಟ್ರೇಡಿಂಗ್ ಕೂಡ ಮಾಡುತ್ತಿದ್ದ, ಅದರ ಲೆಕ್ಕ ತಾಳೆ ನೋಡುವ ವಿಭಾಗವೂ ಅವನ ಕೈಯಲ್ಲೇ ಇತ್ತು. ನಷ್ಟವನ್ನೆಲ್ಲ 88888 ಎಂಬ ಖಾತೆಯಲ್ಲಿ ಬಚ್ಚಿಡುತ್ತ ಹೋದ. ಕೊನೆಗೆ ಅದು 82.7 ಕೋಟಿ ಪೌಂಡ್ ಆಗಿತ್ತು. ಬ್ಯಾಂಕನ್ನು ಡಚ್ಚರ ಐಎನ್‌ಜಿ ಒಂದು ಪೌಂಡಿಗೆ ಕೊಂಡಿತು. ವ್ಯವಹಾರ ಮಾಡುವವರ ಲೆಕ್ಕವನ್ನು ಬೇರೆಯವರೇ ನೋಡಬೇಕು ಎಂಬ ನಿಯಮದ ಬೆಲೆ ಅಷ್ಟು. ಇಂಟರ್ನ್ ಆಗಿ ನೀವು ಕೂರುವುದು ಆ ‘ಬೇರೆಯವರ’ ಕುರ್ಚಿಯಲ್ಲಿ.

ಆ ಕುರ್ಚಿಯಲ್ಲಿ ಹೆಚ್ಚಾಗಿ ನಡೆಯುವುದು ತಾಳೆ ನೋಡುವ ಕೆಲಸ, ಅಲ್ಲಿನವರ ಬಾಯಲ್ಲಿ ‘ರೆಕಾನ್’. ನಮ್ಮ ಪುಸ್ತಕ ಒಂದು ಹೇಳುತ್ತದೆ, ಎದುರಿನ ಬ್ಯಾಂಕಿನ ಪುಸ್ತಕ ಇನ್ನೊಂದು ಹೇಳುತ್ತದೆ. ಸಂಜೆ ಹೊತ್ತಿಗೆ ಪಿಗ್ಮಿ ಏಜೆಂಟರು ಶಾಖೆಯಲ್ಲಿ ಕೂತು ಪುಸ್ತಕಕ್ಕೂ ಚೀಲದ ದುಡ್ಡಿಗೂ ತಾಳೆ ನೋಡುವ ಹಾಗೆಯೇ ಇದು. ಹೊಂದದೆ ಉಳಿದದ್ದಕ್ಕೆ ‘ಬ್ರೇಕ್’ ಎನ್ನುತ್ತಾರೆ. ಒಂದು ಬ್ರೇಕನ್ನು ಹತ್ತಿರದಿಂದ ನೋಡೋಣ. ಗುರುತು, ಅಂಕಿ ಎಲ್ಲವನ್ನೂ ಬದಲಿಸಿದ್ದೇನೆ.

ಬ್ರಿಟನ್ನಿನ ಗ್ರಾಹಕರೊಬ್ಬರ ಬಳಿ ಅಮೆರಿಕದ ಕಂಪನಿಯೊಂದರ 4,000 ಷೇರುಗಳಿವೆ. ಷೇರಿಗೆ 50 ಸೆಂಟ್ ಲಾಭಾಂಶ ಘೋಷಣೆಯಾಗಿದೆ. ಬರಬೇಕಾದದ್ದು 2,000 ಡಾಲರ್, ಬಂದದ್ದು 1,400. ಪರದೆಯ ಮೇಲೆ 600 ಡಾಲರಿನ ಬ್ರೇಕ್ ಕೆಂಪಗೆ ಕೂತಿದೆ. ‘600 ಡಾಲರ್ ಕಡಿಮೆ ಬಂದಿದೆ, ದಯವಿಟ್ಟು ಪರಿಶೀಲಿಸಿ’ ಎಂದು ಎದುರಿನ ಬ್ಯಾಂಕಿಗೆ ಮೇಲ್ ಕಳಿಸಿ ಮುಂದಿನ ಸಾಲಿಗೆ ಹೋಗುವ ಇಂಟರ್ನ್‌ಗಳು ಬಹಳ. ಇನ್ನೊಬ್ಬರು 600ನ್ನು 2,000ದಿಂದ ಭಾಗಿಸುತ್ತಾರೆ. ಶೇ 30. ಅಂಕಿ ಇಷ್ಟು ದುಂಡಗೆ ಬಂದರೆ ಅದು ಅಕಸ್ಮಾತ್ತಲ್ಲ. ವಿದೇಶಿಯರ ಲಾಭಾಂಶದಿಂದ ಅಮೆರಿಕ ಮೂಲದಲ್ಲೇ ಹಿಡಿಯುವ ತೆರಿಗೆ ಅಷ್ಟೇ. ಆದರೆ ಅಮೆರಿಕಕ್ಕೂ ಬ್ರಿಟನ್ನಿಗೂ ತೆರಿಗೆ ಒಪ್ಪಂದ ಇದೆ, ಇಂಥ ಹೂಡಿಕೆದಾರರಿಗೆ ಶೇ 15 ಮಾತ್ರ ಹಿಡಿಯಬೇಕು. ಹಾಗಾದರೆ 1,700 ಬರಬೇಕಿತ್ತು. ಪೂರ್ತಿ 30 ಏಕೆ ಹಿಡಿದರು? ಒಪ್ಪಂದದ ಲಾಭ ಸಿಗಬೇಕಾದರೆ ಗ್ರಾಹಕರು ಡಬ್ಲ್ಯು-8ಬೆನ್ ಎಂಬ ನಮೂನೆಗೆ ಸಹಿ ಮಾಡಿ ಕೊಟ್ಟಿರಬೇಕು. ಕಡತ ತೆಗೆದು ನೋಡಿದರೆ ನಮೂನೆ ಇದೆ, ಸಹಿ 2021ರ ಮಾರ್ಚ್‌ನದು. ಅದು ಸಹಿ ಮಾಡಿದ ವರ್ಷದ ನಂತರದ ಮೂರನೇ ವರ್ಷದ ಕೊನೆಯ ದಿನದವರೆಗೆ ನಡೆಯುತ್ತದೆ, ಅಂದರೆ 2024ರ ಡಿಸೆಂಬರ್ 31. ಲಾಭಾಂಶ ಬಂದದ್ದು 2025ರ ಫೆಬ್ರುವರಿಯಲ್ಲಿ.

ಈಗ ಆ 600 ಡಾಲರ್ ಎರಡು ಭಾಗವಾಯಿತು. 300 ಸರಿಯಾದ ತೆರಿಗೆ, ಉಳಿದ 300ನ್ನು ಹೊಸ ನಮೂನೆ ಪಡೆದು ವಾಪಸ್ ಕೇಳಬಹುದು. ಇಲ್ಲಿಗೆ ಬಂದವರು ಒಳ್ಳೆಯ ಇಂಟರ್ನ್. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರು, ‘ಅದೇ ಡಿಸೆಂಬರ್ 31ಕ್ಕೆ ಅವಧಿ ಮುಗಿದ ನಮೂನೆಗಳು ಇನ್ನೆಷ್ಟು ಗ್ರಾಹಕರದಿವೆ?’ ಎಂದು ಪಟ್ಟಿ ತೆಗೆದು, ಮುಂದಿನ ಲಾಭಾಂಶ ಬರುವ ಮೊದಲೇ ತಂಡದ ಮುಂದೆ ಇಡುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಭಾಗಾಕಾರ, ಒಂದು ಕಡತ ತೆರೆಯುವ ತಾಳ್ಮೆ, ‘ಏಕೆ’ ಎಂಬ ಪ್ರಶ್ನೆಯನ್ನು ಮೂರು ಸಲ ಕೇಳುವ ಹಠ. ಇಂಥ ಕೆಲಸ ಮಾಡಿದವರ ಅಂಕಿಯನ್ನು ತಂಡ ಆಮೇಲೆ ಕಣ್ಣುಮುಚ್ಚಿ ನಂಬುತ್ತದೆ.

ಕೆಲಸಕ್ಕೆ ಗಡಿಯಾರವೂ ಇದೆ. ಭಾರತದಲ್ಲಿ 2023ರ ಜನವರಿ 27ರಿಂದ ಎಲ್ಲ ಷೇರುಗಳ ವ್ಯವಹಾರವೂ ಮರು ದಿನವೇ ಇತ್ಯರ್ಥವಾಗಬೇಕು. ‘ಟಿ+1’ ಎಂದು ಎಲ್ಲರೂ ಹೇಳುವುದು ಇದಕ್ಕೇ. ಅಮೆರಿಕ ನಮ್ಮ ನಂತರ, 2024ರ ಮೇ 28ರಂದು ಈ ಪದ್ಧತಿಗೆ ಬಂತು. ಅಲ್ಲಿ ದೊಡ್ಡ ಹೂಡಿಕೆದಾರರ ವ್ಯವಹಾರಗಳನ್ನು ಅದೇ ರಾತ್ರಿ 9 ಗಂಟೆಯೊಳಗೆ ಖಚಿತಪಡಿಸಬೇಕು. ಬೇಸಿಗೆಯಲ್ಲಿ ಅದು ನಮ್ಮ ಬೆಳಗಿನ 6:30. ಆದ್ದರಿಂದಲೇ ಬೆಂಗಳೂರಿನ ಕೆಲವು ತಂಡಗಳಲ್ಲಿ ಕಾಫಿ ಹೊತ್ತಿಗೆ ಮುಂಚೆಯೇ ದಿನದ ಬಿಸಿ ಮುಗಿದಿರುತ್ತದೆ.

ಎಕ್ಸೆಲ್ ವಿಷಯ ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಪಿವೊಟ್, ಲುಕಪ್ ಎಲ್ಲ ಕಲಿತಿರಿ, ಸ್ವಲ್ಪ ಎಸ್‌ಕ್ಯೂಎಲ್ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಆದರೆ ಹೊಸಬರನ್ನು ನಿಜವಾಗಿ ಮುಗ್ಗರಿಸುವಂತೆ ಮಾಡುವುದು ಚಿಕ್ಕ ಸಂಗತಿಗಳು. 03/04 ಎಂದರೆ ನಮಗೆ ಏಪ್ರಿಲ್ 3, ನ್ಯೂಯಾರ್ಕಿನವರಿಗೆ ಮಾರ್ಚ್ 4. ನಮ್ಮ ಹತ್ತು ಲಕ್ಷ ಅವರ ಒಂದು ಮಿಲಿಯನ್, ನಮ್ಮ ನೂರು ಕೋಟಿ ಅವರ ಒಂದು ಬಿಲಿಯನ್. ತಲೆಯಲ್ಲಿ ಲಕ್ಷದಲ್ಲಿ ಯೋಚಿಸಿ ಶೀಟಿನಲ್ಲಿ ಮಿಲಿಯನ್ ಬರೆಯುವವರು ಒಂದು ಸೊನ್ನೆ ಎತ್ತಿಡುವುದು ಇಲ್ಲೇ. ಖಾತೆ ಸಂಖ್ಯೆಯ ಹಿಂದೆ ಕಾಣದ ಒಂದು ಖಾಲಿ ಜಾಗ ಇದ್ದರೂ ಲುಕಪ್ ಕೈಕೊಡುತ್ತದೆ. ಶೀಟು ಕಳಿಸುವ ಮೊದಲು ಒಟ್ಟು ಮೊತ್ತವನ್ನು ಬೇರೆ ದಾರಿಯಿಂದ ಒಮ್ಮೆ ಕೂಡಿ ನೋಡಿ.

ಕೇಳುವುದಕ್ಕೂ ಒಂದು ಕ್ರಮ ಇದೆ. ಗೊತ್ತಿಲ್ಲದ್ದನ್ನು ಮುಚ್ಚಿಟ್ಟು ದಿನವಿಡೀ ಒದ್ದಾಡಬೇಡಿ, ಎರಡು ನಿಮಿಷಕ್ಕೊಮ್ಮೆ ಎದ್ದು ಹೋಗಿ ಕೇಳಲೂ ಬೇಡಿ. ಅರ್ಧ ಗಂಟೆ ಪ್ರಯತ್ನಿಸಿ. ಆಮೇಲೆ ‘ನನಗೆ ಕಂಡದ್ದು ಇದು, ಇಷ್ಟು ಮಾಡಿ ನೋಡಿದೆ, ಇಲ್ಲಿ ನಿಂತಿದ್ದೇನೆ’ ಎಂದು ಬರೆದುಕೊಂಡು ಕೇಳಿ. ಎಷ್ಟೋ ಸಲ ಬರೆಯುವಾಗಲೇ ಉತ್ತರ ಸಿಕ್ಕಿಬಿಡುತ್ತದೆ.

ಅಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ, ಇಪ್ಪತ್ತು ವರ್ಷ ಹಿರಿಯರನ್ನೂ. ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಬೆಳೆದ ನಮಗೆ ಇದು ಒಗ್ಗುವುದು ಕಷ್ಟ. ‘ಸರ್, ಮೇಡಂ’ ಎಂದರೆ ಯಾರೂ ಬೈಯುವುದಿಲ್ಲ. ಆದರೆ ಆ ‘ಸರ್’ ಜೊತೆಗೇ ಬಾಯಿ ಕಟ್ಟಿಹೋಗುತ್ತದೆ, ಅಂಕಿ ತಪ್ಪಿದೆ ಎಂದು ಕಂಡರೂ ಹೇಳಲು ಹಿಂಜರಿಕೆ ಬರುತ್ತದೆ. ಹಿರಿಯರ ಶೀಟಿನಲ್ಲಿ ತಪ್ಪು ಕಂಡರೆ, ‘ಈ ಸಾಲು ನನಗೆ ಹೊಂದುತ್ತಿಲ್ಲ, ಒಮ್ಮೆ ಒಟ್ಟಿಗೆ ನೋಡೋಣವೇ?’ ಎಂದು ಹೇಳಿ. ಮರ್ಯಾದೆಯೂ ಉಳಿಯಿತು, ಅಂಕಿಯೂ ಉಳಿಯಿತು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಪಡುವ ಸಂಕಟ ನಾನು ಬಲ್ಲೆ. ಲಂಡನ್ನಿನ ಸಭೆಯಲ್ಲಿ ಪೋಲೆಂಡಿನವರು, ಬ್ರೆಜಿಲ್‌ನವರು, ಜಪಾನಿನವರು ತಮ್ಮ ತಮ್ಮ ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆ. ಮೊದಲು ಏನಾಯಿತು, ಆಮೇಲೆ ಏಕೆ, ಕೊನೆಗೆ ಏನು ಮಾಡಬೇಕು ಎಂಬ ಕ್ರಮದಲ್ಲಿ ಮೂರು ವಾಕ್ಯ ಹೇಳಿದರೆ ಸಾಕು, ಕಿವಿಗೊಡುತ್ತಾರೆ.

ಬಾಯಿ ಬಿಗಿ, ಫೋನು ದೂರ

ಸೇರಿದ ಮೊದಲ ವಾರ ಪೂರ್ತಿ ಕಂಪ್ಲಯನ್ಸ್ ತರಬೇತಿ. ಬೇಸರವಾಗುತ್ತದೆ, ಆದರೂ ಇಡೀ ಇಂಟರ್ನ್‌ಶಿಪ್‌ನಲ್ಲಿ ಅತಿ ಗಂಭೀರವಾದ ಭಾಗ ಇದೇ. ಇನ್ನೂ ಪ್ರಕಟವಾಗದ, ಆದರೆ ಷೇರು ಬೆಲೆ ಏರಿಳಿಸಬಲ್ಲ ಸುದ್ದಿ ನಿಮ್ಮ ಕಣ್ಣಿಗೆ ಬೀಳಬಹುದು. ಸೆಬಿಯ 2015ರ ಒಳ ವಹಿವಾಟು ನಿಷೇಧ ನಿಯಮದಂತೆ ಅದನ್ನು ಬಳಸುವುದೂ ತಪ್ಪು, ಇನ್ನೊಬ್ಬರಿಗೆ ದಾಟಿಸುವುದೂ ತಪ್ಪು. ನೀವು ಇಂಟರ್ನ್ ಎಂದು ರಿಯಾಯಿತಿ ಇಲ್ಲ. ಗೋಲ್ಡ್‌ಮನ್ ಸ್ಯಾಕ್ಸ್‌ನ ನಿರ್ದೇಶಕರಾಗಿದ್ದ ರಜತ್ ಗುಪ್ತಾ, 2008ರಲ್ಲಿ ಬರ್ಕ್‌ಷೈರ್ ಹ್ಯಾಥವೇ ಆ ಬ್ಯಾಂಕಿನಲ್ಲಿ 500 ಕೋಟಿ ಡಾಲರ್ ಹೂಡುವ ಸುದ್ದಿಯನ್ನು ಪ್ರಕಟಣೆಗೆ ಮೊದಲೇ ಹೆಜ್ ಫಂಡ್ ನಡೆಸುವ ಪರಿಚಿತರಿಗೆ ತಿಳಿಸಿದ ಪ್ರಕರಣದಲ್ಲಿ 2012ರಲ್ಲಿ ಅಪರಾಧಿ ಎಂದು ಸಾಬೀತಾಗಿ ಜೈಲು ಕಂಡರು. ಅಷ್ಟು ಎತ್ತರದಲ್ಲಿದ್ದವರಿಗೇ ಹಾಗಾಯಿತು.

ನಿಮ್ಮ ಡಿಮ್ಯಾಟ್ ಖಾತೆಯನ್ನು ಸೇರುವಾಗಲೇ ತಿಳಿಸಬೇಕು, ಅನೇಕ ಕಡೆ ಮನೆಯವರದನ್ನೂ. ಷೇರು ಕೊಳ್ಳಲು ಮಾರಲು ಮೊದಲೇ ಅನುಮತಿ ಬೇಕು. ಆಪ್‌ನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡುವ ಚಟ ಇದ್ದರೆ ಸೇರುವ ಮೊದಲೇ ಬಿಟ್ಟುಬಿಡಿ. ಕೆಲಸದ ಮಾತು ವಾಟ್ಸ್‌ಆ್ಯಪ್‌ನಲ್ಲಿ ಬೇಡವೇ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರು ನಿಯಂತ್ರಕರು 16 ಸಂಸ್ಥೆಗಳಿಗೆ ಒಟ್ಟು 110 ಕೋಟಿ ಡಾಲರಿಗೂ ಹೆಚ್ಚು ದಂಡ ಹಾಕಿದ್ದು ಇದಕ್ಕೇ: ನೌಕರರು ಖಾಸಗಿ ಫೋನಿನಲ್ಲಿ ವ್ಯವಹಾರದ ಮಾತಾಡಿದ್ದರು, ಅದರ ದಾಖಲೆ ಸಂಸ್ಥೆಯಲ್ಲಿ ಇರಲಿಲ್ಲ. ಡೆಸ್ಕಿನ ಮುಂದೆ ನಿಂತು ಸೆಲ್ಫಿ ತೆಗೆದು ಲಿಂಕ್ಡ್‌ಇನ್‌ಗೆ ಹಾಕಬೇಡಿ, ಹಿಂದಿನ ಪರದೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಸಂಸ್ಥೆ ಅನುಮತಿಸದ ಎಐ ಚಾಟ್‌ಗೆ ಕಚೇರಿಯ ಶೀಟಿನ ಒಂದು ಸಾಲನ್ನೂ ಅಂಟಿಸಬೇಡಿ. ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ‘ಯಾವ ಷೇರು ತಗೊಳ್ಳಲಿ, ಒಳಗಿನ ಸುದ್ದಿ ಹೇಳೋ’ ಎಂದು ಕೇಳಿಯೇ ಕೇಳುತ್ತಾರೆ. ‘ಹೇಳಿದರೆ ಕೆಲಸ ಹೋಗುತ್ತೆ ಚಿಕ್ಕಪ್ಪ’ ಎಂದು ನಕ್ಕು ಕೈಮುಗಿಯಿರಿ. ಅದು ನಿಜವೂ ಹೌದು.

ಹೊತ್ತು, ಊರು, ಸಂಬಳ

ಈ ಕ್ಷೇತ್ರಕ್ಕೆ ದುಡಿಮೆಯ ಹೊತ್ತಿನ ವಿಷಯದಲ್ಲಿ ಕೆಟ್ಟ ಹೆಸರಿದೆ. 2013ರಲ್ಲಿ ಲಂಡನ್ನಿನ ಹೂಡಿಕೆ ಬ್ಯಾಂಕೊಂದರಲ್ಲಿ 21 ವರ್ಷದ ಇಂಟರ್ನ್ ಒಬ್ಬ ಸತತ ರಾತ್ರಿಗಳ ಕೆಲಸದ ನಂತರ ತೀರಿಕೊಂಡ. ಸಾವಿಗೆ ಕಾರಣ ಅಪಸ್ಮಾರ ಎಂದು ವಿಚಾರಣೆಯಲ್ಲಿ ಹೇಳಿದರು, ದಣಿವಿನ ಪಾಲನ್ನು ಖಚಿತವಾಗಿ ಹೇಳಲಾಗದು ಎಂದರು. ಆದರೂ ಆ ಸಾವು ಎಲ್ಲರನ್ನೂ ಅಲುಗಾಡಿಸಿತು. ಬೇಸಿಗೆ ಇಂಟರ್ನ್‌ಗಳು ಮಧ್ಯರಾತ್ರಿಯಿಂದ ಬೆಳಗಿನ 7ರವರೆಗೆ ಕಚೇರಿಯಲ್ಲಿ ಇರಕೂಡದು ಎಂದು 2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ನಿಯಮ ತಂದಿತು. ಹಾಗೊಂದು ನಿಯಮ ಬೇಕಾಯಿತು ಎಂಬುದೇ ನೋವಿನ ವಿಷಯ. ಬೆಂಗಳೂರಿನ ಆಪರೇಷನ್ಸ್, ತಂತ್ರಜ್ಞಾನ ತಂಡಗಳಲ್ಲಿ ಸ್ಥಿತಿ ಅಷ್ಟು ಕಠಿಣವಲ್ಲ. ಆದರೂ ತಿಂಗಳ ಕೊನೆ, ತ್ರೈಮಾಸಿಕದ ಕೊನೆ ಬಂದರೆ ರಾತ್ರಿಯಾಗುತ್ತದೆ. ನಿದ್ದೆಗೆಟ್ಟ ತಲೆ ಕೊಡುವ ಅಂಕಿ ತಪ್ಪಾಗಿರುತ್ತದೆ. ಆರೋಗ್ಯ ಕೆಟ್ಟರೆ ಮ್ಯಾನೇಜರ್‌ಗೆ ಆ ದಿನವೇ ಹೇಳಿ, ಮರುದಿನಕ್ಕೆ ಇಡಬೇಡಿ.

ವಸತಿ ಕಚೇರಿಯ ಹತ್ತಿರವೇ ಇರಲಿ. ದುಬಾರಿಯಾದರೂ ಸರಿ, ಸಿಲ್ಕ್ ಬೋರ್ಡ್ ದಾಟಿ ದಿನಾ ಓಡಾಡುವುದಕ್ಕಿಂತ ಮೇಲು. ಪಿಜಿಗೆ ಮುಂಗಡ ಕೊಡುವ ಮೊದಲು, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ ಎಂದು ಬರೆಸಿಕೊಳ್ಳಿ. ಯಾವ ಪಾಳಿ ಎಂದು ಆಫರ್ ಒಪ್ಪುವಾಗಲೇ ಕೇಳಿ. ರಾತ್ರಿ ಪಾಳಿಯಲ್ಲಿ ದುಡಿಯುವ ಮಹಿಳೆಯರಿಗೆ ಮನೆಬಾಗಿಲಿನವರೆಗೆ ವಾಹನ ಒದಗಿಸುವುದು ಸಂಸ್ಥೆಯ ಹೊಣೆ. ಇನ್ನೊಂದು ವಿಷಯ ಹುಡುಗಿಯರಿಗೆ ಗೊತ್ತಿರಲೇಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಸಂಸ್ಥೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಇಂಟರ್ನ್ ಎಂದು ಸುಮ್ಮನಿರಬೇಕಾಗಿಲ್ಲ.

ಸ್ಟೈಪೆಂಡ್‌ನಿಂದ ಟಿಡಿಎಸ್ ಹಿಡಿದಿದ್ದರೆ, ನಿಮ್ಮ ವರ್ಷದ ಆದಾಯ ತೆರಿಗೆ ಮಿತಿಗಿಂತ ಕೆಳಗಿದ್ದಲ್ಲಿ ಆ ದುಡ್ಡು ನಿಮ್ಮದೇ. ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿದರೆ ಖಾತೆಗೆ ವಾಪಸ್ ಬರುತ್ತದೆ. ಎಷ್ಟೋ ಮಕ್ಕಳು ಇದನ್ನು ಹಾಗೇ ಬಿಟ್ಟುಬಿಡುತ್ತಾರೆ.

ಕೊನೆಯ ವಾರ

ಮಧ್ಯದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ನಿಮ್ಮ ಕೆಲಸದ ಪರಿಶೀಲನೆ ನಡೆಯುತ್ತದೆ. ಮಧ್ಯದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ಬಿಡದೆ, ‘ಮುಂದಿನ ನಾಲ್ಕು ವಾರದಲ್ಲಿ ಯಾವ ಒಂದನ್ನು ಬದಲಿಸಿಕೊಳ್ಳಲಿ?’ ಎಂದು ಕೇಳಿ ಬರೆದುಕೊಳ್ಳಿ. ಕೊನೆಯ ದಿನಗಳಲ್ಲಿ ಹಿರಿಯರ ಮುಂದೆ ಪ್ರೆಸೆಂಟೇಷನ್ ಇರುತ್ತದೆ. ಅಲ್ಲಿ ಹತ್ತು ಸ್ಲೈಡ್‌ನಲ್ಲಿ ಹತ್ತು ವಿಷಯ ತುರುಕಬೇಡಿ. ಮೇಲೆ ಹೇಳಿದ ನಮೂನೆಯ ಕಥೆಯಂಥದ್ದು ಒಂದು ಸಾಕು. ಸಮಸ್ಯೆ ಏನಿತ್ತು, ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಉಳಿದಿರುವ ತೊಡಕು ಏನು. ಆ ಕೊನೆಯ ಸಾಲನ್ನು ಬಿಡಬೇಡಿ. ಉಳಿದ ತೊಡಕನ್ನು ತಾವೇ ಹೇಳುವವರ ಉಳಿದ ಅಂಕಿಗಳನ್ನೂ ಜನ ನಂಬುತ್ತಾರೆ.

ನೀವು ಕಟ್ಟಿದ ಶೀಟು, ಬರೆದ ಕೋಡ್ ಎಲ್ಲವೂ ಸಂಸ್ಥೆಯದು. ಪೆನ್ ಡ್ರೈವ್‌ನಲ್ಲಿ, ಸ್ವಂತ ಮೇಲ್‌ನಲ್ಲಿ ತೆಗೆದುಕೊಂಡು ಹೋಗುವಂತಿಲ್ಲ. ಕಲಿತದ್ದನ್ನು ಗ್ರಾಹಕರ ಗುರುತಿಲ್ಲದೆ ನಿಮ್ಮ ನೋಟ್‌ಬುಕ್‌ನಲ್ಲಿ ಸಾಮಾನ್ಯ ಮಾತಿನಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಸಂದರ್ಶನಕ್ಕೆ ಅದೇ ಬಂಡವಾಳ. ನಿಮ್ಮ ಕೆಲಸವನ್ನು ಮುಂದೆ ನೋಡಿಕೊಳ್ಳುವವರಿಗೆ ಒಂದೂವರೆ ಪುಟದ ಟಿಪ್ಪಣಿ ಬರೆದುಕೊಡಿ: ಯಾವ ಫೈಲು ಎಲ್ಲಿದೆ, ಯಾವ ಹೊತ್ತಿಗೆ ಬರುತ್ತದೆ, ಬರದಿದ್ದರೆ ಯಾರನ್ನು ಕೇಳಬೇಕು.

ಪಿಪಿಒ, ಅಂದರೆ ಓದು ಮುಗಿಯುವ ಮೊದಲೇ ಕೈಗೆ ಬರುವ ಕೆಲಸದ ಆಫರ್, ಎಲ್ಲರಿಗೂ ಸಿಗುವುದಿಲ್ಲ. ಆ ವರ್ಷ ತಂಡದಲ್ಲಿ ಜಾಗ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಮಾಡಿದರೂ ಸಿಗದಿರಬಹುದು. ಸಿಗದಿದ್ದರೆ ಮ್ಯಾನೇಜರ್ ಬಳಿ ಹತ್ತು ನಿಮಿಷ ಕೇಳಿ ಕೂತು, ನನ್ನಿಂದ ಬಿಟ್ಟುಹೋದದ್ದು ಏನು, ನನ್ನ ಬಗ್ಗೆ ನಿಮ್ಮನ್ನು ಯಾರಾದರೂ ವಿಚಾರಿಸಿದರೆ ಮಾತಾಡುವಿರಾ ಎಂದು ನೇರವಾಗಿ ಕೇಳಿ. ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ. ಅನುಭವ ಪತ್ರವನ್ನು ಹೊರಡುವ ಮೊದಲೇ ಪಡೆಯಿರಿ, ಬ್ಯಾಡ್ಜು ವಾಪಸ್ ಮಾಡಿದ ಮೇಲೆ ಎಚ್‌ಆರ್ ಹಿಡಿಯುವುದು ಕಷ್ಟ. ಹೊಸ ಹಂಗಾಮಿನ ಅರ್ಜಿಗಳು ಜುಲೈನಲ್ಲೇ ತೆರೆಯುತ್ತವೆ. ಇಂಟರ್ನ್‌ಶಿಪ್ ಮುಗಿದ ವಾರದಲ್ಲೇ ಪರಿಚಯ ಪತ್ರಕ್ಕೆ ಹೊಸ ನಾಲ್ಕು ಸಾಲು ಸೇರಿಸಿ, ಬೇರೆ ಸಂಸ್ಥೆಗಳಿಗೆ ಕಳಿಸಲು ಶುರುಮಾಡಿ.